ಶನಿವಾರದ ಓದು

ಅಕ್ಟೋಬರ್ ೧೪, ಮಂಗಳವಾರ
ಅಂಗಡಿಯಿಂದ, ಮಧ್ಯಾಹ್ನ

ಪ್ರೀತಿಯ ಸೂಜಿಗೆ,

ನಿನ್ನ ದಾರ ಮಾಡುವ ವಂದನೆಗಳು. ನಿನ್ನ ಎರಡೂ ಕಾಗದ ಬಂದಿವೆ. ಗಲ್ಲಾಪೆಟ್ಟಿಗೆಯ ಪಕ್ಕದ ಖಾನೆಯಲ್ಲಿ, ಮಾಡಿಸಿದವರು ಬಂದು ಒಯ್ಯದ ಕನ್ನಡಕಗಳ ಜೊತೆ ಕೂತು ನನ್ನನ್ನೇ ನೋಡುತ್ತಿವೆ. ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೋ. ಅಂಗಡಿಯಲ್ಲಿ ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು. ಆದರೆ ಹಾಸ್ಟೆಲಿನಲ್ಲಿ ಮೇಟ್ರನ್ ನಮಗಿಬ್ಬರಿಗೂ ಈ ಹೆಸರು ಇಟ್ಟ ದಿನದಿಂದ ನಿನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಫೋನು ಮಾಡೋಣವೆಂದರೆ ನಿನ್ನ ಕಿವಿಗೂ ಫೋನಿಗೂ ಆಗಿಬರುವುದಿಲ್ಲ. ಇದನ್ನು ಕೂಗಿ ಹೇಳಲು ನನ್ನಿಂದಾಗದು.

ಅಕ್ಕನ ಮಂಡಿನೋವು ಹೇಗಿದೆ? ನೀನು ಜೊತೆಗಿರುವುದರಿಂದ ಅವರಿಗೆ ಅರ್ಧ ನೋವು ಕಡಿಮೆಯಾಗಿರಬೇಕು, ನಿನ್ನ ಉಪದೇಶ ಕೇಳಿ ಇನ್ನರ್ಧ ಹೆಚ್ಚಾಗಿರಬೇಕು. ನಿನ್ನ ಮನೆಗೆ ಡ್ರೈವಿಂಗ್ ಕಲಿಸುವವರೊಬ್ಬರು ಬಾಡಿಗೆಗೆ ಬಂದಿದ್ದಾರೆ. ನೀನು ಪುಸ್ತಕ ಜೋಡಿಸಿಟ್ಟಿದ್ದ ಕಿಟಕಿಯಲ್ಲಿ ಈಗ ಎರಡು ಹೆಲ್ಮೆಟ್ ಇವೆ. ಒಳ್ಳೆಯ ಮನುಷ್ಯ, ಸಿಕ್ಕಾಗ ನಮಸ್ಕಾರ ಹೇಳುತ್ತಾನೆ. ಆದರೂ ಒಂಬತ್ತು ವಾರದಿಂದ ಆ ಮನೆ ದಾಟುವಾಗ ನಾನು ರಸ್ತೆಯ ಆ ಬದಿಗೆ ಹೋಗುತ್ತೇನೆ. ಚರ್ಚಿನಲ್ಲಿ ಮೂರನೆಯ ಬೆಂಚಿನ ನಿನ್ನ ಜಾಗದಲ್ಲಿ ಆರ್ಗನ್ ನುಡಿಸುವವಳು ತನ್ನ ಚೀಲ ಇಡಲು ಶುರುಮಾಡಿದ್ದಾಳೆ. ಪ್ರತಿ ವಾರ ಅದನ್ನೆತ್ತಿ ಕೆಳಗಿಡುತ್ತೇನೆ. ನಾವಿಬ್ಬರೂ ಆ ವಿಷಯ ಮಾತಾಡುವುದಿಲ್ಲ.

ಮಗಳಿಗೆ ಆಸ್ಪತ್ರೆಯಲ್ಲಿ ಈ ತಿಂಗಳು ಬೆಳಗಿನ ಪಾಳಿ. ಅವಳು ಬರುವಷ್ಟರಲ್ಲಿ ನಾನು ಅಂಗಡಿಯಲ್ಲಿ, ನಾನು ಬರುವಷ್ಟರಲ್ಲಿ ಅವಳು ನಿದ್ದೆಯಲ್ಲಿ. ಊಟದ ಪ್ರಾರ್ಥನೆಗೆ ಮೂವರೂ ಒಟ್ಟಿಗೆ ಕೂರುವುದು ಭಾನುವಾರ ಮಾತ್ರ.

ನೀನು ಎರಡು ಕಾಗದದಲ್ಲೂ ಕೇಳಿದ್ದೆ: "ಭಾನುವಾರದ ಓದು ಹೇಗೆ ನಡೀತಿದೆ? ನಿಮ್ಮೋರೇ ಓದ್ತಿದಾರಾ?" ಮೊದಲ ಸಲ ಅದನ್ನು ಕುಶಲೋಪರಿ ಅಂದುಕೊಂಡೆ. ಈಗ ಉತ್ತರ ಬರೆಯುತ್ತೇನೆ.

ತಿಂಗಳ ಮೊದಲ ಭಾನುವಾರ ಎಂದಿನಂತೆ ಇವರದೇ ಓದು. ಕಳೆದುಹೋದ ಕುರಿಯ ಭಾಗ ಎಂದು ಮೂರು ತಿಂಗಳ ಹಿಂದೆಯೇ ಪಟ್ಟಿಯಲ್ಲಿತ್ತು. ಆದರೆ ಆ ವಾರ ಚರ್ಚಿನ ಹಿಂಬದಿ ಗೋಡೆ ಕುಸಿಯಿತು. ಅದನ್ನು ನಾವೇ ಕಟ್ಟಬೇಕು, ಕೈಗಳು ಬೇಕು ಎಂದು ಹುರಿದುಂಬಿಸಲು ಪಾಸ್ಟರು ಪಾಠ ಬದಲಿಸಿದರು. ಹಿಂದಿನ ಕಾಲದಲ್ಲಿ ಜನ ಊರ ಗೋಡೆಯನ್ನು ಮತ್ತೆ ಕಟ್ಟಿದ ಭಾಗ. ಶನಿವಾರ ಸಂಜೆ ಅದನ್ನು ಚೀಟಿಯಲ್ಲಿ ಬರೆದು ಇವರ ಕೈಗೇ ಕೊಟ್ಟಿದ್ದರು. ಇವರು "ಆಗಲಿ ಪಾಸ್ಟರೇ" ಎಂದು ಜೇಬಿಗೆ ಹಾಕಿಕೊಂಡಿದ್ದರು.

ಭಾನುವಾರ ಇವರು ಎದ್ದು ಹೋದರು. ಬಿಳಿ ಅಂಗಿ, ನೀರು ಹಚ್ಚಿ ಬಾಚಿದ ತಲೆ. ದೊಡ್ಡ ಗ್ರಂಥ ತೆರೆದೇ ಇತ್ತು, ಗೋಡೆಯ ಪುಟಕ್ಕೆ. ಹಲಗೆಯ ಮೇಲೆ ಬರೆದದ್ದನ್ನು ನೋಡಿ ಸಭೆಯವರೂ ಅದೇ ಪುಟ ತೆರೆದು ಕಾಯುತ್ತಿದ್ದರು. ಇವರು ಬೆರಳನ್ನು ಸಾಲಿನ ಮೇಲಿಟ್ಟು, ಕುರಿ ಕಳೆದುಕೊಂಡವನ ಕಥೆ ಓದಿದರು.

ಎಷ್ಟು ಚೆನ್ನಾಗಿ ಓದಿದರು ಅಂತೀಯ! ಒಂದು ಕಡೆಯೂ ತಡವರಿಸಲಿಲ್ಲ. ಜನ ಮೊದಲು ಪುಟ ತಿರುವಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಮಕ್ಕಳ ಸಾಲಿನಲ್ಲಿ ಕಿಸಕ್ಕೆಂದರು. ಇವರ ಬೆರಳು ಮಾತ್ರ ಸಾಲಿನಿಂದ ಸಾಲಿಗೆ ಸರಿಯಾಗಿ ಇಳಿಯುತ್ತಿತ್ತು, ಕರಡು ತಿದ್ದುವಾಗ ಇಳಿಯುತ್ತಿದ್ದಂತೆಯೇ. ಮೂವತ್ತೆರಡು ವರ್ಷ ಅಚ್ಚುಕೂಟದಲ್ಲಿ ಒಂದು ಅಲ್ಪವಿರಾಮ ತಪ್ಪಲು ಬಿಡದ ಮನುಷ್ಯ ಗೋಡೆಯ ಮೇಲೆ ಬೆರಳಾಡಿಸುತ್ತ ಕುರಿ ಹುಡುಕುತ್ತಿದ್ದರು.

ಪಾಸ್ಟರು ದೊಡ್ಡ ಮನಸ್ಸಿನವರು. ಎದ್ದು ನಿಂತು, "ಗೋಡೆ ಬಿದ್ರೆ ಕುರಿ ತಪ್ಪಿಸ್ಕೊಳ್ದೆ ಇನ್ನೇನು ಮಾಡುತ್ತೆ? ನಮ್ಮ ಅಣ್ಣ ಸರಿಯಾಗೇ ಶುರು ಮಾಡಿದಾರೆ" ಎಂದರು. ಎಲ್ಲರೂ ನಕ್ಕರು. ಏನು ತಪ್ಪಾಯಿತೆಂದು ಇವರಿಗೆ ಗೊತ್ತಾದದ್ದು ಆಗಲೇ. ನಗುತ್ತಲೇ ಇಳಿದು ಬಂದು ಪಕ್ಕದಲ್ಲಿ ಕೂತರು.

ಮರುದಿನ ಒಗೆಯಲು ಹಾಕುವಾಗ ಜೇಬಿನಲ್ಲಿ ಚೀಟಿ ಸಿಕ್ಕಿತು. ಪಾಸ್ಟರ ಅಕ್ಷರ ನಿನಗೆ ಗೊತ್ತಲ್ಲ, ಒಂದೊಂದೂ ಕುಂಬಳಕಾಯಿಯಷ್ಟು. ಚೀಟಿಯನ್ನು ಇವರ ಮುಂದೆ ಹಿಡಿದೆ.

"ಇದು ಏನ್ರೀ?"

"ಅಂಗಡಿ ಚೀಟಿನಾ?"

ಅಷ್ಟೇ ಸೂಜಿ. ಅಷ್ಟರಲ್ಲಿ ಎಲ್ಲ ಮುಗಿಯಿತು.

ಗಿರಾಕಿ ಬಂದರು. ನಾಳೆ ಮುಂದುವರಿಸುತ್ತೇನೆ.

ಗುರುವಾರ

ನಾಳೆ ಎಂದವಳಿಗೆ ಎರಡು ದಿನ ಹಿಡಿಯಿತು.

ಡಾಕ್ಟರಿಗೆ ತೋರಿಸಿದ್ದು ಕಳೆದ ಗುರುವಾರ. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಕೆಟ್ಟಿದೆ. ಅಂಚಿನ ನೋಟ ಇದೆ, ನಡುವಿನದು ಇಲ್ಲ. ಆದ್ದರಿಂದಲೇ ಇವರು ಬಾಗಿಲಿಗೆ ಬಡಿದುಕೊಳ್ಳುವುದಿಲ್ಲ, ಮೆಟ್ಟಿಲು ಎಡವುವುದಿಲ್ಲ, ನೆಲಕ್ಕೆ ಬಿದ್ದ ಗುಂಡಿಯನ್ನೂ ಹುಡುಕಿ ಕೊಡುತ್ತಾರೆ. ನೇರವಾಗಿ ನೋಡಿದ್ದು ಮಾತ್ರ ಕಾಣುವುದಿಲ್ಲ. ಅಕ್ಷರ ಕಾಣುವುದಿಲ್ಲ. ಮುಖ ಕಾಣುವುದಿಲ್ಲ. ಎಡಗಣ್ಣಿನದು ಮುಗಿದ ಕಥೆ. ಬಲಗಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟರೆ ಉಳಿದಷ್ಟನ್ನು ಹಿಡಿದಿಡಬಹುದಂತೆ. "ಎರಡು ವರ್ಷ ಮುಂಚೆ ಬಂದಿದ್ರೆ" ಎಂದ ಡಾಕ್ಟರು ನನ್ನ ಮುಖ ನೋಡಿ ವಾಕ್ಯ ಪೂರ್ತಿ ಮಾಡಲಿಲ್ಲ. ನಾನು ಯಾವ ಕೆಲಸ ಮಾಡುವವಳೆಂದು ಅವರಿಗೆ ಗೊತ್ತು. ಗಿರಾಕಿಗಳ ಕಣ್ಣು ನೋಡಿ, ಈ ಡಾಕ್ಟರ ಹತ್ತಿರ ಹೋಗಿ ಎಂದು ಚೀಟಿ ಬರೆದು ಕೊಡುವವಳು ನಾನೇ ತಾನೆ.

ಮಗಳು ಆಟೋದಲ್ಲಿ, "ಅಮ್ಮಾ, ನಿನ್ನ ಬೋರ್ಡು, ನನ್ನ ಸರ್ಟಿಫಿಕೇಟು ಎರಡನ್ನೂ ಒಟ್ಟಿಗೇ ಹಳೇ ಪೇಪರಿನವನಿಗೆ ಹಾಕೋಣ" ಎಂದಳು. ಆಮೇಲೆ ಅತ್ತಳು. ದೀಪದ ಬುಡದ ಗಾದೆಯನ್ನು ಈ ವಾರ ಎರಡು ಸಲ ಹೇಳಿದ್ದಾಳೆ, ನಾನು ಬರೆಯುವುದಿಲ್ಲ.

ಇವರು ಬೆಳಿಗ್ಗೆ ರೇಡಿಯೋ ಕೇಳಿ, ಆಮೇಲೆ ಪೇಪರು ಹಿಡಿದು ಕೂರುತ್ತಿದ್ದರು. ಸರಿಯಾದ ಹೊತ್ತಿಗೆ ಪುಟ ತಿರುವುತ್ತಿದ್ದರು. ನಾನು ಪಾತ್ರೆ ಉಜ್ಜುತ್ತ, "ಏನಂತೆ ಸುದ್ದಿ?" ಎಂದರೆ ಹೇಳುತ್ತಿದ್ದರು. ಎರಡು ವರ್ಷ, ಪ್ರತಿದಿನ. ಹೊಸ ಕನ್ನಡಕ ಮಾಡಿಕೊಡುತ್ತೇನೆ ಎಂದರೆ, "ಹಳೇದೇ ಒಗ್ಗಿದೆ ಬಿಡೆ, ಹೆಂಡತಿ ಥರ" ಎನ್ನುತ್ತಿದ್ದರು. ನಾನು ನಕ್ಕು ಅಂಗಡಿಗೆ ಹೊರಡುತ್ತಿದ್ದೆ.

ಇನ್ನು ಶನಿವಾರಗಳ ವಿಷಯ. ಅದನ್ನು ಇವರೇ ಹೇಳಿದರು. ನಿನ್ನ ಪುಸ್ತಕಗಳಿಗೆ ರಟ್ಟು ಹಾಕಲು ಹೋಗುತ್ತೇನೆ ಎನ್ನುತ್ತಿದ್ದರಲ್ಲ, ಶನಿವಾರ ಅಂಗಡಿಯಲ್ಲಿ ಜನ ಹೆಚ್ಚು, ನನಗೂ ತಲೆ ಎತ್ತಲು ಬಿಡುವಿರುತ್ತಿರಲಿಲ್ಲ. ಎರಡು ವರ್ಷದಲ್ಲಿ ನಿನ್ನ ಪುಸ್ತಕಕ್ಕಲ್ಲ, ಊರಿನ ಪುಸ್ತಕಕ್ಕೆಲ್ಲ ರಟ್ಟು ಹಾಕಬಹುದಿತ್ತು. ನನಗೆ ಆ ಯೋಚನೆಯೇ ಬರಲಿಲ್ಲ. ಆರ್ಗನ್ನಿನವಳು ಒಮ್ಮೆ, "ನಿಮ್ಮೋರು ಟೀಚರ್ ಮನೇಲಿ ತುಂಬಾ ಹೊತ್ತು ಇರ್ತಾರಲ್ವಾ?" ಎಂದು ಹುಬ್ಬೇರಿಸಿದಾಗ, "ಅವಳು ನನಗಿಂತ ಮೊದಲಿಂದ ನನ್ನ ಮನೆಯವಳು" ಎಂದಿದ್ದೆ.

ನೀನು ಓದುತ್ತಿದ್ದೆಯಂತೆ, ಇವರು ಒಪ್ಪಿಸುತ್ತಿದ್ದರಂತೆ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ. ಬೆರಳು ಎಲ್ಲಿ ಇಳಿಯಬೇಕು, ಪುಟ ಎಲ್ಲಿ ತಿರುವಬೇಕು ಎನ್ನುವುದನ್ನೂ ಕಲಿಸಿದ್ದೆಯಂತೆ. ಹೊರಡುವ ಮುಂಚೆ ಮುಂದಿನ ಮೂರು ತಿಂಗಳ ಪಾಠಗಳನ್ನು ಒಟ್ಟಿಗೇ ಬಾಯಿಪಾಠ ಮಾಡಿಸಿದೆಯಂತೆ, ಪರಸ್ಥಳಕ್ಕೆ ಹೊರಟ ತಾಯಿ ಅಡುಗೆ ಮಾಡಿ ಮುಚ್ಚಿಟ್ಟು ಹೋಗುವ ಹಾಗೆ. ಗೋಡೆ ಬೀಳುತ್ತದೆಂದು ನಿನಗೇನು ಗೊತ್ತು.

ನನಗೆ ಕೋಪವಿಲ್ಲ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲಿನ ಸಾಲಿನಲ್ಲಿ ಕಾಣುತ್ತದೆ. ಯಾರಿಗೂ ಹೇಳುವುದಿಲ್ಲವೆಂದು ನೀನು ಇವರಿಗೆ ಆಣೆ ಇಟ್ಟಿದ್ದೆ, ಸರಿ. ಇವರ ಮರ್ಯಾದೆ ಕಾಪಾಡಿದೆ, ಸರಿ. ಆದರೆ ಒಂದು ಸಂಜೆ ನೆನಪಿದೆಯಾ? ಅಂಗಡಿಯ ಶಟರ್ ಅರ್ಧ ಎಳೆದು ನಾವಿಬ್ಬರೂ ಚಹಾ ಕುಡಿಯುತ್ತಿದ್ದೆವು. ಯಾರಿಗೂ ಹೇಳದ್ದನ್ನು ನಾನು ಅಂದು ನಿನಗೆ ಹೇಳಿದೆ: "ಇವ್ರು ನನ್ನ ಮುಖ ನೋಡಿ ಮಾತಾಡಿ ಎಷ್ಟು ದಿನ ಆಯ್ತು ಗೊತ್ತಾ ಸೂಜಿ? ನನ್ನ ಎಡಗಿವಿ ನೋಡ್ಕೊಂಡು ಮಾತಾಡ್ತಾರೆ. ಎದುರಿಗೆ ಕೂತ್ರೂ ಇಲ್ಲದ ಹಾಗೆ." ನೀನು ಲೋಟದೊಳಗೆ ನೋಡುತ್ತ, "ವಯಸ್ಸಾದ್ಮೇಲೆ ಎಲ್ಲಾ ಗಂಡಸರೂ ಅಷ್ಟೇ ಕಣೆ" ಎಂದೆ.

ಡಾಕ್ಟರು ಹೇಳಿದರು, ಇಂಥವರು ಎದುರಿಗಿದ್ದವರನ್ನು ಕಾಣಬೇಕಾದರೆ ಸ್ವಲ್ಪ ಪಕ್ಕಕ್ಕೆ ನೋಡುತ್ತಾರಂತೆ. ನೇರ ನೋಡಿದರೆ ಮುಖದ ಜಾಗದಲ್ಲಿ ಬೂದಿ ಬಣ್ಣ. ಕಿವಿಯ ಕಡೆ ನೋಡಿದರೆ ಮುಖದ ಆಕಾರ ಸಿಗುತ್ತದೆ. ನನ್ನನ್ನು ನೋಡಲಿಕ್ಕೇ ಇವರು ಅತ್ತ ನೋಡುತ್ತಿದ್ದರು. ನಾನು ಎರಡು ವರ್ಷ ಒಂದೇ ಹಾಸಿಗೆಯಲ್ಲಿ ಬೆನ್ನು ಹಾಕಿ ಮಲಗಿ, ಕರ್ತನೇ, ಈ ಮನುಷ್ಯನಿಗೆ ನಾನು ಯಾವಾಗ ಸಾಕಾದೆ ಎಂದು ಕೇಳುತ್ತಿದ್ದೆ. ಉತ್ತರ ನಿನ್ನ ಹತ್ತಿರ ಇತ್ತು, ಎರಡು ಮನೆ ಆಚೆ.

ಇದನ್ನು ಬರೆದಮೇಲೆ ಎದ್ದು ಗಾಜುಗಳನ್ನೆಲ್ಲ ಒರೆಸಿ ಬಂದೆ.

ಈಗ ಓದುವವಳು ನಾನು. ಬರುವ ಭಾನುವಾರ ಗೋಡೆಯ ಭಾಗವನ್ನು ತಾನೇ ಹೇಳುತ್ತೇನೆ ಎಂದು ಇವರು ಪಾಸ್ಟರನ್ನು ಕೇಳಿಕೊಂಡಿದ್ದಾರೆ. ಈ ಸಲ ಗ್ರಂಥ ಮುಚ್ಚಿಟ್ಟು, ಎಲ್ಲರಿಗೂ ವಿಷಯ ತಿಳಿಸಿ. "ಬೀಳೋ ಗೋಡೆ ಬಿದ್ದಾಯ್ತು, ಇನ್ನು ಕಟ್ಟೋದೇ ತಾನೆ" ಎನ್ನುತ್ತಾರೆ. ಅಂಗಡಿ ಮುಚ್ಚಿ ಬಂದು ದಿನವೂ ಅರ್ಧ ಗಂಟೆ ಓದುತ್ತೇನೆ. ಅದರ ತುಂಬ ಹೆಸರುಗಳು, ಅವನ ಮಗ ಇವನು, ಇವನ ಪಕ್ಕದಲ್ಲಿ ಅವನು. ನನ್ನ ನಾಲಿಗೆ ಹೊರಳುವುದಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನೇ ಕಟ್ಟಿದರು ಎಂದು ಬರುತ್ತದೆ. ಅಲ್ಲಿಗೆ ಬಂದಾಗ ನಾನು ಓದು ನಿಲ್ಲಿಸುತ್ತೇನೆ.

ನಿನ್ನೆ ಇವರು, "ಅಲ್ಲಿ ನಿಲ್ಲಿಸ್ಬೇಡ ಕಣೆ. ಟೀಚರು ಯಾವ ಪಾಠದಲ್ಲೂ ಹೀಗೆ ನಡುವೆ ಉಸಿರು ತಗೊಳ್ತಿರಲಿಲ್ಲ, ಮುಂದಿನ ಸಾಲಿಗೆ ಹಾಗೇ ಹೋಗ್ಬಿಡ್ತಿದ್ರು" ಎಂದರು.

"ಹಾಗಾದ್ರೆ ಟೀಚರನ್ನೇ ಕರೆಸ್ಕೊಳ್ಳಿ" ಎಂದೆ.

ಇವರು ನನ್ನ ಎಡಗಿವಿಯ ಕಡೆ ಬಹಳ ಹೊತ್ತು ನೋಡಿದರು. "ಕರೀತೀಯಾ?" ಎಂದರು.

ನಾಳೆ ಬೆಳಿಗ್ಗೆ ಇದನ್ನು ಪೋಸ್ಟಿಗೆ ಹಾಕುತ್ತೇನೆ. ಭಾನುವಾರದೊಳಗೆ ನಿನ್ನ ಕೈ ಸೇರುತ್ತದೋ ಇಲ್ಲವೋ. ಬಾ ಎಂದು ಬರೆಯಲು ಕೈ ಬರುತ್ತಿಲ್ಲ, ಬರಬೇಡ ಎಂದು ಬರೆಯಲೂ ಬರುತ್ತಿಲ್ಲ. ಬೆಂಚಿನ ಮೇಲಿನ ಚೀಲವನ್ನಂತೂ ಎಂದಿನಂತೆ ಕೆಳಗಿಡುತ್ತೇನೆ.

ಅಕ್ಕನಿಗೆ ನಮ್ಮೆಲ್ಲರ ವಂದನೆ ತಿಳಿಸು. ಮೆಟ್ಟಿಲು ಇಳಿಯುವಾಗ ನೀನೂ ಕಂಬಿ ಹಿಡಿದುಕೋ. ಕರ್ತನು ನಿಮ್ಮಿಬ್ಬರನ್ನೂ ಕಾಯಲಿ, ನೀವು ಕೂತಲ್ಲಿ ನಿಂತಲ್ಲಿ ಸಮಾಧಾನ ಇರಲಿ. ಏನೇ ಆದರೂ,

ನಿನ್ನ
ದಾರ

ಮರೆತಿದ್ದೆ: ಡಾಕ್ಟರು ಇವರನ್ನು, "ಮೊದಲು ಯಾವಾಗ ಗೊತ್ತಾಯ್ತು?" ಎಂದು ಕೇಳಿದರು. ಇವರು ತಕ್ಷಣ, "ನೆನಪಿಲ್ಲ ಡಾಕ್ಟ್ರೇ" ಎಂದುಬಿಟ್ಟರು. ಇವರಿಗೆ ಯಾವುದೂ ಅಷ್ಟು ಬೇಗ ಮರೆಯುವುದಿಲ್ಲ. ನನಗೂ ನೆನಪಾಯಿತು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಮೂವರು ಕಾಯುತ್ತಿದ್ದಾಗ, ಇವರು ಒಳಗೆ ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು, "ಮೇಡಮ್ಮೋರೇ, ನಮ್ದೂ ಒಂಚೂರು ನೋಡ್ತೀರಾ?" ಎಂದರು. ನಾನು, "ಏಳ್ರೀ, ಗಿರಾಕಿಗಳು ಕಾಯ್ತಿದಾರೆ, ತಮಾಷೆ ಎಲ್ಲ ಮನೇಲಿ" ಎಂದೆ. ಕಾಯುತ್ತಿದ್ದವರು ನಕ್ಕರು. ಇವರೂ ನಗುತ್ತಲೇ ಎದ್ದು ಹೋದರು. ನಿನ್ನ ಪುಸ್ತಕಕ್ಕೆ ರಟ್ಟು ಹಾಕಲು ಹೊರಟದ್ದು ಆ ಶನಿವಾರದಿಂದಲೇ ಇರಬೇಕು. ಕುರ್ಚಿಯ ವಿಷಯ ಇವರು ನಿನಗೆ ಹೇಳಿದ್ದರೋ ಏನೋ. ಆ ಮೊದಲ ಶನಿವಾರದ ತಾರೀಖು ನಿನಗೆ ಖಂಡಿತ ನೆನಪಿರುತ್ತದೆ. ಬರೆಯಬೇಡ.