ನಾಲ್ಕು ಮನೆಗಳಲ್ಲಿ ಎರಡು ಅಳಿಸಿದ ಮೇಲೆ

ಶಾಲೆಯ ಸ್ಟಾಫ್ ರೂಮು
ಜೂನ್ ೧೨, ಬುಧವಾರ, ಊಟದ ಬಿಡುವು

ಪ್ರೀತಿಯ ತಂಗಿ ಚಿನಕುರಳಿಗೆ,

ಹೇಗಿದ್ದೀಯೇ? ಕೆಮ್ಮು ನಿಂತಿತೇ? ಹೊಸ ಮನೆಯ ನೀರು ಒಗ್ಗಿತೇ? ನಿನ್ನ ಗಂಡ ಮಹಾರಾಯ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದನ್ನು ಈಗಲಾದರೂ ಬಿಟ್ಟನೇ? ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ ಬಿಪಿ ಮಾತ್ರೆ ನುಂಗುತ್ತೇನೆ, ಉಪ್ಪು ಕಡಿಮೆ ಮಾಡಿದ್ದೇನೆ. ಊಟ ಸಪ್ಪೆಯಾದಷ್ಟೂ ನನ್ನ ನಾಲಿಗೆ ಖಾರವಾಗುತ್ತಿದೆ ಎಂದು ಇಲ್ಲಿ ಎಲ್ಲರ ದೂರು. ಫೋನಿರುವಾಗ ಈ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, "ಅಕ್ಕಾ, ಪಾಠ ಶುರು ಮಾಡ್ಬೇಡ" ಎಂದು ಕಟ್ ಮಾಡುತ್ತೀಯ. ಕಾಗದವನ್ನು ಹರಿದು ಹಾಕಬಹುದು, ನಿಜ. ಆದರೆ ಓದದೆ ಹರಿಯುವಷ್ಟು ಸಂಯಮ ನಿನಗೆಲ್ಲಿಂದ ಬರಬೇಕು!

ನೀನು ಕಿಡ್ನಿ ಸ್ಕ್ಯಾನಿಂಗ್ ಕೈಬಿಟ್ಟೆಯಂತೆ. ಅಮ್ಮ ನಿನ್ನೆ ಹೇಳಿದಳು. ಅಪ್ಪನ ಕಿಡ್ನಿ ಕಾಯಿಲೆ ನನಗೇ ಬಂದಿದೆ ಎಂದು ಗೊತ್ತಾದ ಮೇಲೆ ನಿನಗಿನ್ನು ಪರೀಕ್ಷೆ ಯಾಕೆ ಎಂಬುದು ನಿಮ್ಮಿಬ್ಬರ ಲೆಕ್ಕ. ಅಂದು ಅಪ್ಪನ ವಾರ್ಡಿನ ಬಾಗಿಲಲ್ಲಿ ನಿಂತು ಡಾಕ್ಟರು, "ಮಕ್ಕಳಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ" ಅಂದಿದ್ದರು. ಇಬ್ಬರು ಮಕ್ಕಳಲ್ಲಿ ಅರ್ಧ ಎಂದರೆ ಒಬ್ಬಳು, ಆ ಒಬ್ಬಳು ನಾನು, ಅಲ್ಲಿಗೆ ಮುಗಿಯಿತು! "ತಲೆಗೆ ಬಂದದ್ದು ಪೇಟಕ್ಕೆ ಹೋಯ್ತು, ಚಿಕ್ಕವಳಾದ್ರೂ ಪಾರಾದ್ಲು" ಎಂದು ಅಮ್ಮ ಕಣ್ಣೊರೆಸಿಕೊಂಡಳು. "ಹಾಗಾದ್ರೆ ನಾನು ಪೇಟಾನಾ?" ಎಂದು ಕೇಳಿದೆ. ಪಾಪ, ಅಳುತ್ತಲೇ ನಕ್ಕಳು.

ಅಮ್ಮನನ್ನು ದೂರಿ ಫಲವಿಲ್ಲ, ಈ ಲೆಕ್ಕ ಹುಟ್ಟಿದ್ದೇ ನಮ್ಮ ಮನೆಯಲ್ಲಿ. ಬಸ್ಸಿನ ಕಿಟಕಿ ಸೀಟಿಗೆ ನಾವು ಕೂದಲು ಹಿಡಿದು ಜಗಳವಾಡುತ್ತಿದ್ದೆವಲ್ಲ, ಅಪ್ಪ ಜೇಬಿನಿಂದ ನಾಣ್ಯ ತೆಗೆದು ಚಿಮ್ಮುತ್ತಿದ್ದ. ಹೋಗುವಾಗ ಗೆದ್ದವಳಿಗೆ ಕಿಟಕಿ, ಬರುವಾಗ ಚಿಮ್ಮುವ ಮಾತೇ ಇಲ್ಲ, ಅದು ಸೋತವಳಿಗೆ. ಹಾಗಾಗಿ ನಮ್ಮಿಬ್ಬರಿಗೂ ಅರ್ಧ ಎಂದರೆ ನಿನಗೊಂದು, ನನಗೊಂದು. ಕಾಯಿಲೆಯೂ ಹಾಗೇ ಸರದಿ ನೋಡಿಕೊಂಡು ಬರುತ್ತದೆ ಎಂದುಕೊಂಡೆವು. ನ್ಯಾಯ ನೋಡಿದವನು ಅಪ್ಪ ಕಣೇ, ನಾಣ್ಯವಲ್ಲ.

ಈ ವಾರ ಒಂಬತ್ತನೇ ಕ್ಲಾಸಿಗೆ ಸಂಭವನೀಯತೆಯ ಪಾಠ. ನಾಣ್ಯ ಚಿಮ್ಮಿದರೆ ಎರಡೇ ಫಲಿತಾಂಶ, ಎರಡಕ್ಕೂ ಸಮಾನ ಅವಕಾಶ, ಆದ್ದರಿಂದ ಒಂದೊಂದಕ್ಕೂ ಅರ್ಧ ಎಂದು ಹೇಳಿ ಚಿಮ್ಮಿ ತೋರಿಸಿದೆ. ನೋಡಿದರೆ ಹೆಡ್, ಮತ್ತೆ ಹೆಡ್, ಇನ್ನೊಮ್ಮೆಯೂ ಹೆಡ್. ಕೊನೆ ಬೆಂಚಿನಲ್ಲೊಬ್ಬಳು ಮಾತಿನಮಲ್ಲಿ ಇದ್ದಾಳೆ, ಥೇಟ್ ನಿನ್ನ ಅಚ್ಚು. ಎದ್ದು ನಿಂತು, "ಮಿಸ್, ಹೆಡ್ ತನ್ನ ಪಾಲು ತಗೊಂಡಾಯ್ತಲ್ಲ, ಇನ್ನು ಟೇಲ್ ಬರ್ಲೇಬೇಕು. ಅದೇ ನ್ಯಾಯ" ಅಂದಳು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. "ನಾಣ್ಯ ಡೈರಿ ಬರೆಯುತ್ತದೇನೇ, ಹಿಂದೆ ಬಿದ್ದಿದ್ದೆಲ್ಲ ನೆನಪಿಟ್ಕೊಳ್ಳೋಕೆ?" ಎಂದು ನಾನೂ ಗದರಿದೆ. ಹೇಳಿದರೆ ನಂಬುವ ಜಾತಿಯೇ ಅದು? ಬೋರ್ಡಿನ ಮೇಲೆ ಚೌಕಾಬಾರದ ಹಾಗೆ ನಾಲ್ಕು ಮನೆ ಬರೆದೆ. ಎರಡು ನಾಣ್ಯ ಚಿಮ್ಮಿದರೆ ಎರಡೂ ಹೆಡ್, ಮೊದಲನೆಯದು ಮಾತ್ರ ಹೆಡ್, ಎರಡನೆಯದು ಮಾತ್ರ ಹೆಡ್, ಎರಡೂ ಟೇಲ್. ನಾಲ್ಕಕ್ಕೂ ಸಮಾನ ಅವಕಾಶ. ಈಗ ಮೊದಲ ನಾಣ್ಯ ಹೆಡ್ ಬಿತ್ತು ಎಂದು ಗೊತ್ತಾಗಿದೆ, ಯಾವ ಮನೆ ಅಳಿಸಲಿ ಎಂದೆ. ಆ ಹುಡುಗಿಯೇ ಬಂದು ಕೊನೆಯ ಎರಡನ್ನು ಅಳಿಸಿದಳು. ಉಳಿದ ಎರಡನ್ನು ನೋಡಿ, "ಅಯ್ಯೋ ಮಿಸ್, ಎರಡನೇ ನಾಣ್ಯಕ್ಕೆ ಇನ್ನೂ ಅರ್ಧಾನೇ ಇದೆ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಶಹಭಾಸ್ ಎಂದು ಬೋರ್ಡಿನ ಕಡೆ ತಿರುಗಿದೆ. ಆ ನಾಲ್ಕು ಮನೆಗಳು ನಾವೇ ಅಲ್ಲವೇ? ಇಬ್ಬರಿಗೂ ಇದೆ, ನನಗೆ ಮಾತ್ರ, ನಿನಗೆ ಮಾತ್ರ, ಇಬ್ಬರಿಗೂ ಇಲ್ಲ. ನನ್ನ ರಿಪೋರ್ಟು ಬಂದು ಕೊನೆಯ ಎರಡು ಅಳಿಸಿಹೋದವು. ಉಳಿದ ಎರಡರಲ್ಲಿ ಒಂದು ಮನೆಯಲ್ಲಿ ನೀನೂ ಇದ್ದೀಯ. ಇಷ್ಟು ವರ್ಷ ಇದನ್ನೇ ಕಲಿಸಿದವಳಿಗೆ ಇದು ಹೊಳೆಯಲಿಲ್ಲವೇ ಎಂದು ಕೇಳುತ್ತೀಯ. ಹೊಳೆಯಲು ಬಿಡಲಿಲ್ಲ ಕಣೇ. ನನಗೆ ಬಂದದ್ದರಿಂದ ನನ್ನ ತಂಗಿ ಉಳಿದಳು ಎಂಬ ಸಮಾಧಾನವನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಈಗ ಅದೂ ಹೋಯಿತು. ನನ್ನ ಕಾಯಿಲೆಯಿಂದ ನಿನಗೆ ಎಳ್ಳಷ್ಟೂ ಉಪಕಾರವಾಗಿಲ್ಲ.

ಅದಕ್ಕೇ ಹೇಳುತ್ತೇನೆ, ಸ್ಕ್ಯಾನಿಂಗ್ ಮಾಡಿಸು. ಅಪ್ಪನಿಗೆ ಗೊತ್ತಾದಾಗ ಕೈಮೀರಿ ಹೋಗಿತ್ತು. ನನಗೆ ಬೇಗ ಗೊತ್ತಾಯಿತು, ಬಿಪಿ ಹತೋಟಿಯಲ್ಲಿಟ್ಟುಕೊಂಡರೆ ಬಹಳ ವರ್ಷ ಆರಾಮಾಗಿರಬಹುದು ಎಂದಿದ್ದಾರೆ ಡಾಕ್ಟರು. ಗೊತ್ತಿಲ್ಲದೆ ಕುಳಿತರೆ ಆ ಅವಕಾಶವೂ ಇಲ್ಲ. ಅಮ್ಮನಿಗೆ ನಾನೇ ನಿಧಾನವಾಗಿ ಹೇಳುತ್ತೇನೆ, ನೀನು ಗಡಿಬಿಡಿ ಮಾಡಬೇಡ.

ನಿನ್ನ ಗಂಡನಿಗೆ ನನ್ನ ನೆನಪು ತಿಳಿಸು. ನಿನಗೆ ಬೆನ್ನ ಮೇಲೊಂದು ಪ್ರೀತಿಯ ಗುದ್ದು. ನನ್ನ ತಲೆ ತಿನ್ನುತ್ತಾ ನೂರು ವರ್ಷ ಬಾಳು.

ನಿನ್ನ
ಅಕ್ಕ

ತಾ.ಕ.: ಬೆಲ್ ಹೊಡೆಯಿತು, ಮುಖ್ಯವಾದದ್ದೇ ಉಳಿದಿದೆ. ನೀನು ಹೆದರಿರುವುದು ಕಾಯಿಲೆಗಲ್ಲವಂತೆ. ಏನೂ ಇಲ್ಲ ಎಂದು ಬಂದರೆ ಅಕ್ಕನ ಮುಖ ಹೇಗೆ ನೋಡಲಿ ಎಂದು ನೀನು ಅತ್ತೆಯಂತೆ, ನಿನ್ನ ಗಂಡ ಬಾಯಿಬಿಟ್ಟ. ಮಂಕೇ! ಶನಿವಾರ ಬರುತ್ತಿದ್ದೇನೆ, ಸೋಮವಾರ ಬೆಳಿಗ್ಗೆ ಇಬ್ಬರೂ ಸ್ಕ್ಯಾನಿಂಗಿಗೆ ಹೋಗೋಣ. ಇದೆ ಎಂದು ಬಂದರೆ ಅಲ್ಲೇ ಬೆಂಚಿನ ಮೇಲೆ ಕುಳಿತು ಇಬ್ಬರೂ ಅಳೋಣ. ಇಲ್ಲ ಎಂದು ಬಂದರೆ ನನ್ನೆದುರಿಗೇ ಜೋರಾಗಿ ನಗಬೇಕು ನೀನು. ಅದು ನನ್ನಿಂದ ಕಿತ್ತುಕೊಂಡದ್ದಲ್ಲ ಕಣೇ.