ರೆಟ್ಟೆಯ ಅಳತೆ

ಆಸ್ಪತ್ರೆ, ಮಕ್ಕಳ ವಾರ್ಡು
ಹನ್ನೆರಡನೇ ತಾರೀಖು, ಮಂಗಳವಾರ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಸೊಂಟನೋವು ಕಡಿಮೆಯಾಯಿತೇ? ದಿನವಿಡೀ ಕ್ರೇನಿನ ಮೇಲೆ ಕೂರಲು ನಿನ್ನ ಸೊಂಟವೇನು ಕಬ್ಬಿಣದ್ದೇ? ನಾವು ಮೂವರೂ ಇದ್ದೇವೆ. ನಿನ್ನ ಹೆಂಡತಿ ಸ್ನಾನಕ್ಕೆ ಹೋಗಿದ್ದಾಳೆ. ನಿನ್ನ ಚಿನಕುರಳಿ ನನ್ನ ಕನ್ನಡಕ ಕಿತ್ತುಕೊಂಡು ಕೂತಿದ್ದಾಳೆ, ಹಾಗಾಗಿ ಅಕ್ಷರ ಸೊಟ್ಟಗಿದ್ದರೆ ಮಗಳನ್ನೇ ಕೇಳು.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ಕಾಗದದಲ್ಲಿ ಮಗುವಿನ ತೂಕ ಒಂದು ಕೆಜಿ ಏರಿದೆ ಎಂದು ಕೊಚ್ಚಿಕೊಂಡಿದ್ದೆನಲ್ಲ, ನೀನೂ ಜೊತೆಯವರಿಗೆಲ್ಲ ಚಹಾ ಕೊಡಿಸಿದೆಯಂತೆ. ಅದು ಮೈ ಬಂದದ್ದಲ್ಲ ಕಣೋ, ಹೊಟ್ಟೆಯಲ್ಲಿ ನೀರು ತುಂಬಿದ್ದು. ಲಿವರ್ ಕೆಟ್ಟ ಮಕ್ಕಳ ವಿಷಯದಲ್ಲಿ ತೂಕದ ಯಂತ್ರವನ್ನು ನಂಬಬಾರದಂತೆ. ಇಲ್ಲಿನ ಮಕ್ಕಳ ಊಟ ನೋಡಿಕೊಳ್ಳುವ ಡಯಟಿಷಿಯನ್ ಟೇಪು ತೆಗೆದು ಮಗುವಿನ ರೆಟ್ಟೆಗೆ ಸುತ್ತಿದಳು. ಹಿಂದಿನ ಸಲಕ್ಕಿಂತ ಅರ್ಧ ಸೆಂಟಿಮೀಟರ್ ಇಳಿದಿತ್ತು. ನಲವತ್ತು ವರ್ಷ ಕಂಡವರ ಬಟ್ಟೆ ಹೊಲಿದವಳು ನಾನು. ಅವಳ ಫ್ರಾಕಿನ ಸೊಂಟ ಬಿಗಿಯಾದಾಗ ಹೊಲಿಗೆ ಬಿಚ್ಚಿ ಸಡಿಲ ಮಾಡಿದೆ, ತೋಳು ಜೋಲಾಡಿದಾಗ ಒಳಗೆ ಹಿಡಿದು ಹೊಲಿದೆ, ಎರಡೂ ಒಟ್ಟಿಗೆ ಯಾಕಾಗುತ್ತಿದೆ ಎಂದು ಮಾತ್ರ ಯೋಚಿಸಲಿಲ್ಲ. ಆ ದಿನ ಬಚ್ಚಲಲ್ಲಿ ನಿಂತು ಅತ್ತೆ.

ಬೇರೆಯವರಿಂದ ತೆಗೆದು ಮಗುವಿಗೆ ಜೋಡಿಸುವ ಲಿವರಿನ ತುಂಡು ಎಷ್ಟೇ ಚೆನ್ನಾಗಿದ್ದರೂ ಆಪರೇಷನ್ ತಡೆದುಕೊಳ್ಳಲು ಅವಳ ಮೈಯಲ್ಲಿ ಕಸುವಿರಬೇಕು ಎಂದಳು ಆ ಡಯಟಿಷಿಯನ್ ಹುಡುಗಿ. ನೀನು ಹೊರಡುವಾಗ "ಮಗೂ ಮೂಗಿಗೆ ಮಾತ್ರ ಪೈಪ್ ಹಾಕಿಸ್ಬೇಡಿ" ಅಂದಿದ್ದೆ. ಹಾಕಿಸಿದೆವು. ಹೆಂಡತಿಯ ಮೇಲೆ ರೇಗಬೇಡ, ಒಪ್ಪಿಸಿದವಳು ನಾನು. ಎರಡು ಚಮಚಕ್ಕೇ ಮುಖ ತಿರುಗಿಸುವ ಮಗುವಿಗೆ ಬಾಯಲ್ಲೇ ತಿನ್ನಿಸುತ್ತೇನೆಂಬ ಹಟ ಯಾರ ಒಳ್ಳೆಯದಕ್ಕೆ? ಈಗ ಹಗಲು ಎರಡು ಗಂಟೆಗೊಮ್ಮೆ ಬಾಯಿಗೆ ಸ್ವಲ್ಪ ಸ್ವಲ್ಪ. ರಾತ್ರಿ ಪೈಪಿನಲ್ಲಿ, ಸುಲಭವಾಗಿ ಅರಗುವ ಎಣ್ಣೆ ಬೆರೆಸಿದ ಹಾಲು ಹನಿಹನಿಯಾಗಿ ಹೋಗುತ್ತದೆ. ಮೊದಲ ದಿನ ಎರಡು ಸಲ ಕಿತ್ತೆಸೆದಳು. ಈಗ ಗೊಂಬೆಯ ಮೂಗಿಗೂ ದಾರ ಅಂಟಿಸಿ "ಪಾಪೂಗೂ ಹಾಲು" ಅನ್ನುತ್ತಾಳೆ. ಮೂರು ವಾರದಲ್ಲಿ ಇಳಿದದ್ದೆಲ್ಲ ವಾಪಸು ಬಂದು, ಮೇಲೆ ಎರಡು ಮಿಲಿಮೀಟರ್ ಆಗಿದೆ. ನಂಬಿಕೆ ಬಾರದೆ ನನ್ನ ಟೇಪಿನಲ್ಲೂ ಅಳೆದೆ. ಡಯಟಿಷಿಯನ್ ನಕ್ಕಳು, ನಗಲಿ.

ನಿನ್ನ ಹೆಂಡತಿ ನೆನಪು ತಿಳಿಸಿದ್ದಾಳೆ. ಕಾಗದದ ಮೂಲೆಯಲ್ಲಿ ಒದ್ದೆಯಾಗಿರುವುದು ಮಗಳ ಮುತ್ತು, ಒರೆಸಬೇಡ. ಎಲ್ಲಿದ್ದರೂ ತಣ್ಣಗಿರು ಕಂದಾ.

ನಿನ್ನ
ಅಮ್ಮ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನೀನು ಅಲ್ಲಿ ಮಾಡಿಸಿ ಕಳಿಸಿದ ಸ್ಕ್ಯಾನನ್ನು ಡಾಕ್ಟರು ನಿನ್ನೆ ನೋಡಿದರು. ನಿನ್ನ ಲಿವರ್ ಅವಳಿಗೆ ಹೊಂದುತ್ತದೆ, ಆದರೆ ಅದರಲ್ಲಿ ಕೊಬ್ಬು ಜಾಸ್ತಿಯಂತೆ. ಎರಡು ತಿಂಗಳಲ್ಲಿ ನೀನು ಏಳು ಕೆಜಿ ಇಳಿದರೆ ಮಾತ್ರ ತೆಗೆದುಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚು ಅವಳು ಕಾಯುವಂತಿಲ್ಲ. ನಿನ್ನ ಹೆಂಡತಿಯ ರಕ್ತದ ಗುಂಪು ಬೇರೆ, ನನಗೆ ವಯಸ್ಸಾಯಿತು, ಇರುವವನು ನೀನೊಬ್ಬನೇ. ಡಾಕ್ಟರ ಚೀಟಿ ಒಳಗಿಟ್ಟಿದ್ದೇನೆ. ಹುಟ್ಟಿದಾಗಿನಿಂದ ನಿನಗೆ ಇನ್ನೊಂದು ತುತ್ತು ಅಂದವಳೇ ಹೊರತು ಸಾಕು ಅಂದವಳಲ್ಲ ನಾನು. ಇವತ್ತು ಅನ್ನುತ್ತಿದ್ದೇನೆ. ಸಾಕು ಮಗನೇ, ತಟ್ಟೆ ಬಿಟ್ಟು ಏಳು.