ಅಕ್ಕನ ರೆಫರೆನ್ಸು

ಸೋಮವಾರ, ಜುಲೈ 8. ಬೆಳಿಗ್ಗೆ ಏಳು

ಸರಿ ಕಣಕ್ಕಾ, ಎಲ್ಲಾ ನಂದೇ ತಪ್ಪು. ಆದರೆ ‘ಬ್ರಿಡ್ಜ್ ಕೋರ್ಸ್’ ಅಂತ ಹೆಸರಿಟ್ಟವರನ್ನು ಯಾರೂ ಬೈಯಲ್ವಾ? ಬ್ರಿಡ್ಜ್ ಅಂದರೆ ಸೇತುವೆ. ಸೇತುವೆ ಕಟ್ಟೋರು ಎಂಜಿನಿಯರುಗಳು. ನೀನು ಸೇರಿರೋದು ಚರಿತ್ರೆಗೆ. ಅದಕ್ಕೇ ಹೇಳಿದೆ, “ಅದು ನಿನಗಲ್ಲ, ಸುಮ್ನಿರು” ಅಂತ. ಅದೆಂಥ ಗತ್ತಿನಲ್ಲಿ ಹೇಳಿದೆ! ಯೂನಿವರ್ಸಿಟಿ ಗೇಟಿನ ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಇರೋನು, ಇವನಿಗೆಲ್ಲ ಗೊತ್ತು ಅಂತ ನೀನೂ ನಂಬಿದೆ. ಹತ್ತನೇ ಕ್ಲಾಸಿಗೇ ಪುಸ್ತಕ ಬಿಸಾಕಿದವನ ಮಾತು ನಂಬೋದಾ?

ಈಗ ವಿಚಾರಿಸಿದರೆ — ಅದು ಹೊಸಬರಿಗೆ ಇಲ್ಲಿ ಹೇಗೆ ಓದಬೇಕು, ಹೇಗೆ ಬರೀಬೇಕು ಅಂತ ಹೇಳಿಕೊಡೋ ಕ್ಲಾಸಂತೆ. ಓದು ಬಿಟ್ಟು ಎಷ್ಟೋ ವರ್ಷದ ಮೇಲೆ ಬಂದವರಿಗೆ, ಮನೆಯಲ್ಲಿ ಮೊದಲ ಸಲ ಡಿಗ್ರಿಗೆ ಕಾಲಿಟ್ಟವರಿಗೆ. ಅಂದರೆ ಅಳತೆ ತೆಗೆದು ಅಕ್ಕನಿಗೇ ಹೊಲಿದ ಹಾಗಿದೆ. ಅದು ಶುರುವಾಗಿ ಆಗಲೇ ಮೂರು ವಾರ ಆಗಿಹೋಯ್ತು.

ಅವಳ ಮೊದಲ ಅಸೈನ್‌ಮೆಂಟ್ ವಾಪಸ್ ಬಂದಿದೆ. ‘ನಮ್ಮ ಬೀದಿಯ ಚರಿತ್ರೆ’, ನಮ್ಮನೆಯಿಂದ ಯೂನಿವರ್ಸಿಟಿ ಗೇಟಿನ ತನಕ, ಎಂಟು ಪುಟ. ಕೆಳಗೆ ಕೆಂಪು ಇಂಕು: ‘ರೆಫರೆನ್ಸ್ ಇಲ್ಲ. ಸೇರಿಸಿ ಶುಕ್ರವಾರ ಮಧ್ಯಾಹ್ನ ಎರಡರೊಳಗೆ ಕೊಡಿ. ಇಲ್ಲದಿದ್ದರೆ ಸೊನ್ನೆ.’

“ರೆಫರೆನ್ಸ್ ಕೊಡೋಕೆ ಅಲ್ಲಿ ನನಗ್ಯಾರು ಗೊತ್ತೋ?” ಅಂದಳು. “ದೊಡ್ಡವರ ಪರಿಚಯ ಇರೋರಿಗೆ ಕಣೋ ಯೂನಿವರ್ಸಿಟಿ. ಮೂವತ್ತಾರು ವರ್ಷಕ್ಕೆ ನನಗ್ಯಾಕೆ ಬೇಕಿತ್ತು?”

ಹೊಲಿಗೆ ಮೆಷಿನ್ನಿನ ಮುಸುಕು ತೆಗೆದಳು. ಕಾಲೇಜು ಸೇರಿದ ದಿನ ಮುಚ್ಚಿದ್ದು.

ಅಕ್ಕಾ, ತಮ್ಮ ಸತ್ತಿಲ್ಲ. ರೆಫರೆನ್ಸ್ ತಾನೇ? ತರ್ತೀನಿ.

ಮಂಗಳವಾರ, 9. ಅಂಗಡಿಯಲ್ಲಿ, ಊಟದ ಹೊತ್ತು

ಅಂಗಡಿ ಯಜಮಾನರಿಗೆ ಕಾಟ ಕೊಟ್ಟು ಬರೆಸಿದೆ. ‘ಈ ಹೆಣ್ಣುಮಗಳು ನನಗೆ ಹತ್ತು ವರ್ಷದಿಂದ ಗೊತ್ತು. ನಡತೆ ಒಳ್ಳೆಯದು. ಬಟ್ಟೆಯನ್ನು ಹೇಳಿದ ದಿನಕ್ಕೆ ಕೊಡುತ್ತಾರೆ.’ ಅಂಗಡಿ ಸೀಲು. ಎರಡು ಸಲ ಒತ್ತಿಸಿದೆ, ತೂಕ ಇರಲಿ ಅಂತ.

ನಾನೇ ತಗೊಂಡು ಹೋದೆ, ಚರಿತ್ರೆ ಮೇಡಂ ರೂಮಿಗೆ. ಓದಿದರು. ಕನ್ನಡಕ ತೆಗೆದರು. ಹಾಕಿಕೊಂಡು ಮತ್ತೆ ಓದಿದರು. ತುಟಿ ಕಚ್ಚಿಕೊಂಡು ಕೂತರು.

“ಸಾಲದಾ ಮೇಡಂ? ಬ್ಯಾಂಕ್ ಮ್ಯಾನೇಜರ್ ಹತ್ರನೂ ಬರೆಸ್ತೀನಿ. ಅವರ ಪ್ಯಾಂಟೆಲ್ಲ ಅಕ್ಕಾನೇ ಹೊಲಿಯೋದು.”

ಆಗ ತಡೆಯಲಾಗಲಿಲ್ಲ ಅವರಿಗೆ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನ್ನ ಕಿವಿ ಬಿಸಿ.

“ನಿನ್ನ ತಪ್ಪಲ್ಲಪ್ಪ, ನಂದು,” ಅಂದರು. “ಒಂದು ಪದ ಗೀಚಿ ಕೈ ತೊಳ್ಕೊಂಡೆ. ನಾಳೆ ಮೂರಕ್ಕೆ ಬ್ರಿಡ್ಜ್ ಕ್ಲಾಸಿದೆ, ಹದಿನಾಲ್ಕನೇ ರೂಮು. ಅಕ್ಕನ್ನ ಕರ್ಕೊಂಡು ಬಾ.”

ಕಾಗದ ವಾಪಸ್ ಕೊಡಲಿಲ್ಲ. ಡ್ರಾಯರಿನಲ್ಲಿ ಇಟ್ಟುಕೊಂಡರು.

ಬುಧವಾರ, 10. ಸಂಜೆ

ಬರಲಿಲ್ಲ ಮಹಾರಾಣಿ.

“ನನ್ನ ಮರ್ಯಾದೆನ ಝೆರಾಕ್ಸ್ ಮಾಡಿ ಹಂಚಿದೀಯಲ್ಲೋ! ಯಾವ ಮುಖ ಇಟ್ಕೊಂಡು ಹೋಗ್ಲಿ?”

ಒಬ್ಬನೇ ಹೋದೆ. ಕೊನೇ ಬೆಂಚು, ಹಳೇ ಜಾಗ. ಪಕ್ಕದಲ್ಲಿ ರಿಟೈರಾದ ಬಸ್ ಕಂಡಕ್ಟರ್ ತಾತ, ಪೆನ್ನು ಕಿವಿ ಮೇಲೆ. ಮುಂದೆ ಕಿವಿಗೆ ಮೆಷಿನ್ ಹಾಕಿಕೊಂಡ ಹುಡುಗಿ. ಮೇಡಂ ಬೋರ್ಡಿನ ಕಡೆ ತಿರುಗಿ ಒಂದು ಮಾತೂ ಆಡಲ್ಲ. ಬರೆದು, ಅವಳ ಕಡೆ ತಿರುಗಿ, ಆಮೇಲೆ ಬಾಯಿ ಬಿಡೋದು. ನನ್ನ ಸ್ಕೂಲಿನಲ್ಲಿ ಮೇಷ್ಟ್ರ ಬೆನ್ನು ಬಿಟ್ಟು ಬೇರೇನೂ ನೋಡಿದ ನೆನಪಿಲ್ಲ.

“ರೆಫರೆನ್ಸ್ ಅಂದ್ರೆ ಶಿಫಾರಸಲ್ಲ,” ಅಂದರು. ನನ್ನ ಕಡೆ ನೋಡಲಿಲ್ಲ. ಪುಣ್ಯ. “ಈ ವಿಷಯ ನಿಮಗೆ ಎಲ್ಲಿ ಸಿಕ್ತು, ಯಾರು ಹೇಳಿದ್ರು — ಅದನ್ನ ಬರೆಯೋದು. ಅಷ್ಟೇ.”

“ಅಂದ್ರೆ ಎಲ್ಲಿ ಹತ್ತಿದ್ದು ಅಂತ ಟಿಕೆಟ್ಟು,” ಅಂದರು ತಾತ.

ಒಂದು ಗಂಟೆ ಅಲ್ಲಾಡದೆ ಕೂತಿದ್ದೆ. ನಾನು!

ಶುಕ್ರವಾರ, 12. ಮಧ್ಯಾಹ್ನ ಒಂದು

ನಿನ್ನೆ ಬರೆಯೋಕೆ ಪುರುಸೊತ್ತಾಗಲಿಲ್ಲ.

ನಿನ್ನೆ ಬೆಳಿಗ್ಗೆಯೇ ಅಕ್ಕನ ಮುಂದೆ ಕೂತೆ. ಟಿಕೆಟ್ಟು ಅಂದೆ, ಅವಳ ತಲೆಗೆ ಹೋಗಲಿಲ್ಲ. ಹೊಲಿಯೋಕೆ ಬಂದ ಬಟ್ಟೆಗೆಲ್ಲ ಚೀಟಿ ಚುಚ್ಚುತ್ತಿದ್ದಳು — ಯಾರದು, ಯಾವತ್ತು ಬಂತು.

“ಅದ್ಯಾಕೆ ಚುಚ್ತೀಯ?” ಕೇಳಿದೆ.

“ಇನ್ನೊಬ್ಬರ ಬಟ್ಟೆ ನಂದು ಅಂತ ಇಟ್ಕೊಳ್ಳೋಕಾಗುತ್ತೇನೋ?”

“ಅದೇ ಕಣಕ್ಕಾ ರೆಫರೆನ್ಸು!”

ಪಿನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದಳು.

“ಇಷ್ಟೇನಾ? ಇಷ್ಟಕ್ಕೇನೋ ಸೀಲು ಒತ್ತಿಸ್ಕೊಂಡು ಬಂದಿದ್ದು, ಕತ್ತೆ?”

ಆಮೇಲೆ ಅವಳನ್ನು ಹಿಡಿಯೋರಿಲ್ಲ. ಕ್ಷೌರದ ಅಂಗಡಿಯವರು ಹೇಳಿದ್ದು, ವಾಚ್ ರಿಪೇರಿ ಅಜ್ಜ ಹೇಳಿದ್ದು, ಲೈಬ್ರರಿ ಪುಸ್ತಕದ್ದು — ವಿಷಯಕ್ಕೊಂದು ಚೀಟಿ. ಇವತ್ತು ನೋಡಿದರೆ ಎಂಟು ಪುಟಕ್ಕೆ ಇಪ್ಪತ್ತಮೂರು ಗುಂಡುಪಿನ್ನು. ನಿಜವಾಗಿಯೂ ಚುಚ್ಚಿದ್ದಾಳೆ!

“ಅಕ್ಕಾ, ಕೊನೇಲಿ ಪಟ್ಟಿ ಬರೀಬೇಕು. ಪಿನ್ನಲ್ಲ.”

“ಪಟ್ಟಿನೂ ಬರೆದಿದೀನಿ. ಪಿನ್ನೂ ಇರಲಿ, ಬಿಚ್ಚಿಹೋಗಲ್ಲ. ಹೇಳಿದ ದಿನಕ್ಕೆ ಕೊಡ್ತಾರೆ ಅಂತ ಬೇರೆ ಬರೆಸಿದೀಯ, ನಡಿ.”

ಪಟ್ಟಿ ಓದಿದೆ. ಕೊನೆಯ ಸಾಲು: ‘ಝೆರಾಕ್ಸ್ ಅಂಗಡಿ ಇರುವ ಜಾಗದಲ್ಲಿ ಮೊದಲು ಟೈಪಿಂಗ್ ಕ್ಲಾಸ್ ಇತ್ತು. ಹೇಳಿದವರು: ನನ್ನ ತಮ್ಮ.’ ಪಕ್ಕದಲ್ಲಿ ನನ್ನ ಪೂರ್ತಿ ಹೆಸರು, ಇನಿಷಿಯಲ್ ಸಮೇತ.

ಯಾವತ್ತೋ ಊಟ ಮಾಡುವಾಗ ಹೇಳಿದ್ದೆ. ನಾಲ್ಕು ವರ್ಷದಲ್ಲಿ ಎಷ್ಟು ಲಕ್ಷ ಹಾಳೆ ಈ ಕೈಯಲ್ಲಿ ಹಾದುಹೋಗಿವೆ... ಒಂದರಲ್ಲೂ ನಾನಿರಲಿಲ್ಲ.

ಚಪ್ಪಲಿ ಮೆಟ್ಟಿ ಹೊರಗೆ ನಿಂತು ಕೂಗುತ್ತಿದ್ದಾಳೆ. “ಬರ್ತೀಯೋ, ಅಲ್ಲೇ ಬೇರು ಬಿಟ್ಯೋ?”

“ಗೇಟಿನ ತನಕ ತಾನೇ?”

“ರೆಫರೆನ್ಸು ಗೇಟಲ್ಲಿ ನಿಂತ್ರೆ ಆಗುತ್ತೇನೋ? ಒಳಗೆ!”

ಮೆಷಿನ್ ಮೇಲೆ ಮುಸುಕು ಹಾಕಿ ಹೋಗಿದ್ದಾಳೆ. ಹೊರಟೆ. ಬಾಗಿಲು ಎಳೆದುಕೊಂಡು, ಚಿಲಕ ಹಾಕಿ, ಅವಳ ಹಿಂದೆ ಗೇಟು ದಾಟಬೇಕು.